ಮಾಳಿಗೆಯ ಮೇಲಣ ಸೌರಫಲಕಗಳು: ಜೋಡಿಸುವಾಗ ವಹಿಸಬೇಕಾದ ಎಚ್ಚರ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಊರುಗಳ ಸುತ್ತಲಿನ ಸೀಮೆಗೆ ಬಿಸಿಲಿನ ಕೊರತೆಯೆಂಬುದಿಲ್ಲ. ಮಳೆ ಕೈಕೊಟ್ಟ ವರ್ಷಗಳುಂಟು. ಬಿಸಿಲು ಕೈಕೊಟ್ಟ ವರ್ಷವನ್ನು ನಮ್ಮ ಹಿರಿಯರು ಕಂಡವರಲ್ಲ. ಇಷ್ಟು ಕಾಲ ನಾವು ಆ ಬಿಸಿಲಿನಲ್ಲಿ ಮೆಣಸಿನಕಾಯಿ ಒಣಗಿಸಿ, ಹಪ್ಪಳ ಸಂಡಿಗೆಗಳನ್ನು ಹರವಿ, ಉಳಿದುದನ್ನು ಶಪಿಸುತ್ತ ಬಂದೆವು. ಈಗ ಅದೇ ಬಿಸಿಲು ವಿದ್ಯುತ್ತಾಗಿ ಮನೆಯೊಳಕ್ಕೆ ಇಳಿಯತೊಡಗಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ‘ಪಿ.ಎಂ. ಸೂರ್ಯಘರ್’ ಎಂಬ ಯೋಜನೆಯನ್ನು ಆರಂಭಿಸಿ, ಒಂದು ಕೋಟಿ ಮನೆಗಳ ಮೇಲೆ ಸೌರಫಲಕಗಳನ್ನು ಇರಿಸುವ ಗುರಿಯನ್ನು ಇಟ್ಟುಕೊಂಡಿತು. 3 ಕಿಲೋವಾಟ್ ಸಾಮರ್ಥ್ಯದ ಜೋಡಣೆಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಹಿಂದೆ ನಮ್ಮೊಡನೆ ಮಹಬೂಬನಗರ ಜಿಲ್ಲೆಯಲ್ಲಿಯೇ ಸೇರಿದ್ದ, ಇಂದು ನಾಗರ್‌ಕರ್ನೂಲ್ ಜಿಲ್ಲೆಗೆ ಸೇರಿರುವ ಕೊಂಡಾರೆಡ್ಡಿಪಲ್ಲಿ ಎಂಬ ಗ್ರಾಮವು 2025ರಲ್ಲಿ ಪೂರ್ಣ ಸೌರಗ್ರಾಮವೆನಿಸಿಕೊಂಡಿತು. ನೆರೆಯ ಊರಿಗೆ ಬಂದುದು ನಮ್ಮ ಊರಿಗೂ ಬರುವುದು ಸಹಜವೇ.

ಹೊಸ ಸಾಧನವೊಂದು ಬಂದಾಗ ಅದರ ಲಾಭವನ್ನು ವರ್ಣಿಸುವವರು ಹಲವರು. ಅದರೊಡನೆ ಬರುವ ಅಪಾಯವನ್ನು ತಿಳಿಸುವವರು ಕೆಲವರು. ಈ ಲೇಖನದಲ್ಲಿ ನಾವು ಎರಡನೆಯ ಕೆಲಸವನ್ನೇ ಮಾಡಬಯಸುತ್ತೇವೆ. ಏಕೆಂದರೆ ಫಲಕಗಳನ್ನು ಹಾಕಿಸಿಕೊಳ್ಳುವವರು ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳು. ಏಣಿ ಹತ್ತಿ ಅವನ್ನು ಜೋಡಿಸುವವರು ನಾಳೆ ಇದೇ ವಿದ್ಯಾರ್ಥಿಗಳು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಅಂತಹ ದೊಡ್ಡ ಸ್ಥಳಗಳಲ್ಲಿ ಫಲಕಗಳು ನೆಲಕ್ಕೆ ಸಮೀಪವಾಗಿರುತ್ತವೆ. ಕೆಲಸವನ್ನು ನೋಡಿಕೊಳ್ಳುವ ಇಂಜಿನಿಯರುಗಳು ಇರುತ್ತಾರೆ. ಊರಿನ ಮನೆಯ ಮೇಲಾದರೋ ಇರುವುದು ಇಬ್ಬರು ಮೂವರು ಹುಡುಗರು, ಒಂದು ಏಣಿ, ಒಂದು ಹಗ್ಗ. ಆದುದರಿಂದ ಅಪಾಯವು ದೊಡ್ಡ ಉದ್ಯಾನಕ್ಕಿಂತ ಸಣ್ಣ ಮಾಳಿಗೆಯಲ್ಲಿಯೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ.

ಮೊದಲು ಈ ವಿದ್ಯುತ್ತಿನ ಸ್ವಭಾವವನ್ನು ತಿಳಿಯೋಣ. ಗದ್ವಾಲದ ಬಳಿ ಕೃಷ್ಣಾನದಿಗೆ ಕಟ್ಟಿರುವ ಪ್ರಿಯದರ್ಶಿನಿ ಜುರಾಲಾ ಅಣೆಕಟ್ಟನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನೋಡಿರಬಹುದು. ಅಲ್ಲಿ 39 ಮೆಗಾವಾಟಿನ ಆರು ಯಂತ್ರಗಳಿವೆ. ಯಂತ್ರವೊಂದನ್ನು ದುರಸ್ತಿ ಮಾಡಬೇಕಾದರೆ ಅದಕ್ಕೆ ನೀರು ಹೋಗುವ ಬಾಗಿಲನ್ನು ಮುಚ್ಚುತ್ತಾರೆ. ನೀರು ನಿಂತರೆ ಚಕ್ರ ನಿಲ್ಲುವುದು. ಚಕ್ರ ನಿಂತರೆ ವಿದ್ಯುತ್ತು ನಿಲ್ಲುವುದು. ಸೌರಫಲಕದಲ್ಲಿ ತಿರುಗುವ ಚಕ್ರವಿಲ್ಲ, ಮುಚ್ಚುವ ಬಾಗಿಲೂ ಇಲ್ಲ. ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು 1839ರಲ್ಲಿ ಫ್ರಾನ್ಸ್ ದೇಶದ ಬೆಕರೆಲ್ ಎಂಬ ವಿಜ್ಞಾನಿಯು ಕಂಡುಹಿಡಿದನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಸಿಲಿಕಾನಿನಿಂದ ಉಪಯುಕ್ತವಾದ ಸೌರಕೋಶವನ್ನು ರಚಿಸಿದರು. ಇಂದಿನ ಫಲಕಗಳೆಲ್ಲ ಆ ಕೋಶದ ಸಂತತಿ. ಫಲಕವನ್ನು ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿ ಇಟ್ಟ ಕ್ಷಣದಿಂದಲೇ, ಯಾವ ತಂತಿಯನ್ನೂ ಜೋಡಿಸದಿದ್ದರೂ, ಅದರ ಎರಡು ತುದಿಗಳ ನಡುವೆ ವಿದ್ಯುತ್ತಿನ ಒತ್ತಡ ಸಿದ್ಧವಾಗಿರುತ್ತದೆ. ಮೋಡ ಕವಿದ ದಿನವೂ ಇರುತ್ತದೆ. ಬಿಸಿಲು ಮಂದವಾದರೆ ಪ್ರವಾಹವು ಬಹಳ ಇಳಿಯುವುದೇ ಹೊರತು ಒತ್ತಡವು ಅಷ್ಟಾಗಿ ಇಳಿಯುವುದಿಲ್ಲ.

ಮನೆಯ ದೀಪದ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನರಿಗೆ ಒಂದು ಒಳ್ಳೆಯ ಅಭ್ಯಾಸವಿದೆ: ಮೊದಲು ಮೇನ್ ಸ್ವಿಚ್ಚನ್ನು ಆರಿಸುವುದು, ಆಮೇಲೆ ತಂತಿಯನ್ನು ಮುಟ್ಟುವುದು. ಸೌರಫಲಕದ ಮುಂದೆ ಈ ಅಭ್ಯಾಸವು ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಸ್ವಿಚ್ಚನ್ನು ಆರಿಸಿದರೆ ಅದರಿಂದ ಕೆಳಗಿನ ಭಾಗ ಸುಮ್ಮನಾಗುವುದು. ಫಲಕದಿಂದ ಸ್ವಿಚ್ಚಿನವರೆಗಿನ ತಂತಿಯು ಸೂರ್ಯ ಮುಳುಗುವವರೆಗೂ ಜೀವಂತವಾಗಿಯೇ ಇರುವುದು. ಅನುಭವವಿರುವ ಕೆಲಸಗಾರನೇ ಇಲ್ಲಿ ಮೋಸಹೋಗುವ ಸಂಭವವುಂಟು. ಹೊಸಬನು ಹೆದರಿ ದೂರ ನಿಲ್ಲುತ್ತಾನೆ. ಹಳಬನು ‘ಮೇನ್ ಆರಿಸಿದ್ದೇನೆ’ ಎಂಬ ನಂಬಿಕೆಯಿಂದ ಕೈಯಿಡುತ್ತಾನೆ.

ಆ ಒತ್ತಡವು ಎಷ್ಟಿರುತ್ತದೆ? ಈಗ ಬಳಕೆಯಲ್ಲಿರುವ 540 ವಾಟಿನ ಒಂದು ಫಲಕವು ಸುಮಾರು 50 ವೋಲ್ಟುಗಳನ್ನು ಕೊಡುತ್ತದೆ. 3 ಕಿಲೋವಾಟಿಗೆ ಇಂತಹ ಆರು ಫಲಕಗಳು ಬೇಕು. ಮಾಲೆಯಲ್ಲಿ ಹೂಗಳನ್ನು ಪೋಣಿಸುವಂತೆ ಒಂದರ ಹಿಂದೊಂದನ್ನು ಜೋಡಿಸಿದಾಗ ಒತ್ತಡಗಳು ಕೂಡಿಕೊಂಡು 300 ವೋಲ್ಟ್ ಆಗುತ್ತದೆ. ಓಮನ ನಿಯಮವನ್ನು ಕಲಿತ ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ತಾವೇ ಮಾಡಬಹುದು. ಬೆವರಿನಿಂದ ತೊಯ್ದ ಶರೀರದ ರೋಧವನ್ನು 1,500 ಓಮ್ ಎಂದಿಟ್ಟುಕೊಂಡರೆ, 300ನ್ನು 1,500ರಿಂದ ಭಾಗಿಸಿದಾಗ ಬರುವುದು ಆಂಪಿಯರಿನ ಐದನೆಯ ಒಂದಂಶ, ಅಂದರೆ 200 ಮಿಲಿಆಂಪಿಯರ್. ಕೆಲವು ಹತ್ತು ಮಿಲಿಆಂಪಿಯರುಗಳೇ ಮಾಂಸಖಂಡಗಳನ್ನು ಬಿಗಿದು ಉಸಿರಾಟವನ್ನು ತಡೆಯಬಲ್ಲವು. ಮಾಲೆಯ ಎರಡು ತುದಿಗಳನ್ನು ಒಟ್ಟಿಗೆ ಮುಟ್ಟಿದರೆ ಇಷ್ಟು ಪ್ರವಾಹವು ದೇಹದಲ್ಲಿ ಹರಿಯುವುದು. ತಂತಿಯ ಹೊದಿಕೆಯು ಎಲ್ಲಿಯಾದರೂ ಹರಿದು ಚೌಕಟ್ಟಿಗೆ ತಗುಲಿದ್ದರಂತೂ ಒಂದೇ ತುದಿಯನ್ನು ಮುಟ್ಟಿದರೂ ಸಾಕು.

ಈ ವಿದ್ಯುತ್ತಿಗೆ ಇನ್ನೊಂದು ಗುಣವಿದೆ. ಮನೆಗೆ ಬರುವ ವಿದ್ಯುತ್ತು ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 50 ಸಲ ಆವರ್ತಿಸುತ್ತ, 100 ಸಲ ಶೂನ್ಯಕ್ಕೆ ಬರುತ್ತದೆ. ಸ್ವಿಚ್ಚನ್ನು ತೆರೆದಾಗ ಹುಟ್ಟುವ ಕಿಡಿಯು ಆ ಶೂನ್ಯದ ಕ್ಷಣದಲ್ಲಿ ತಾನಾಗಿಯೇ ಆರುತ್ತದೆ. ಫಲಕದಿಂದ ಬರುವುದು ಏಕಮುಖ ಪ್ರವಾಹ; ಅದಕ್ಕೆ ಶೂನ್ಯದ ಕ್ಷಣವಿಲ್ಲ. ಪ್ರವಾಹ ಹರಿಯುತ್ತಿರುವಾಗ ಜೋಡಣೆಯ ಕೊಂಡಿಯನ್ನು ಎಳೆದು ಬಿಡಿಸಿದರೆ, ಎರಡು ತುದಿಗಳ ನಡುವೆ ಬೆಂಕಿಯ ಕಮಾನು ಹತ್ತಿಕೊಂಡು ಆರದೆ ಉರಿಯುವುದು. ಅದು ಕೈಯನ್ನು ಸುಡಬಲ್ಲುದು, ಕಣ್ಣಿಗೆ ಘಾಸಿಮಾಡಬಲ್ಲುದು, ಮಾಳಿಗೆಯ ಮೇಲಿರುವ ಕಣಿಕೆಯ ಹೊರೆಗೆ ಬೆಂಕಿ ಹಚ್ಚಬಲ್ಲುದು. ಆದುದರಿಂದ ಮೊದಲು ಇನ್ವರ್ಟರನ್ನು ನಿಲ್ಲಿಸಿ, ಬಳಿಕ ಏಕಮುಖ ಪ್ರವಾಹಕ್ಕೆಂದೇ ತಯಾರಾದ ಸ್ವಿಚ್ಚನ್ನು ತೆರೆದು, ಆಮೇಲೆ ಮಾತ್ರ ಕೊಂಡಿಯನ್ನು ಬಿಡಿಸಬೇಕು. ಅಂಗಡಿಯಲ್ಲಿ ಸಿಗುವ ಮನೆಯ ದೀಪದ ಸ್ವಿಚ್ಚನ್ನು ಅಲ್ಲಿ ಹಾಕಿ ಹಣ ಉಳಿಸುವುದು ಬೆಂಕಿಯನ್ನು ಕೊಂಡಂತೆಯೇ. ಬೇರೆ ಬೇರೆ ಕಂಪನಿಗಳ ಕೊಂಡಿಗಳನ್ನು ಒತ್ತಿ ಸೇರಿಸುವುದೂ ತಪ್ಪು. ಹೊರಗೆ ಸರಿಯಾಗಿ ಕೂಡಿದಂತೆ ಕಂಡರೂ ಒಳಗೆ ಸಡಿಲವಾಗಿದ್ದು, ದಿನದಿನಕ್ಕೆ ಕಾದು ಕರಗುವುದುಂಟು. ಇನ್ವರ್ಟರನ್ನು ಆರಿಸಿದ ಮೇಲೂ ಅದರ ಮುಚ್ಚಳವನ್ನು ಕೂಡಲೇ ತೆರೆಯಬಾರದು. ಒಳಗೆ ಸಂಗ್ರಹವಾದ ವಿದ್ಯುತ್ತು ಇಳಿಯಲು ಕೆಲವು ನಿಮಿಷಗಳು ಬೇಕು. ಎಷ್ಟು ನಿಮಿಷವೆಂಬುದನ್ನು ಅದರ ಮೇಲೆಯೇ ಬರೆದಿರುತ್ತಾರೆ.

ಹೀಗಿರುವುದರಿಂದ ಕೆಲಸದ ಅನುಕ್ರಮಕ್ಕೆ ಮಹತ್ವವಿದೆ. ಮೊದಲು ಕಬ್ಬಿಣದ ಚೌಕಟ್ಟು ಮತ್ತು ಭೂಸಂಪರ್ಕ, ಅಂದರೆ ನಾವು ಅರ್ತಿಂಗ್ ಎನ್ನುವುದು; ಅನಂತರ ಇನ್ವರ್ಟರು ಮತ್ತು ಕೆಳಗಿನ ತಂತಿಗಳು; ಆಮೇಲೆ ಫಲಕಗಳು; ಎಲ್ಲ ಸ್ವಿಚ್ಚುಗಳೂ ತೆರೆದಿರುವಾಗ ಮಾಲೆಯ ಕೊನೆಯ ಕೊಂಡಿ. ತಂತಿಯ ಕೆಲಸವಾಗುವಷ್ಟು ಹೊತ್ತು ಬೆಳಕು ತೂರದ ದಪ್ಪ ತಾಡಪಾಲನ್ನು ಫಲಕಗಳ ಮೇಲೆ ಹೊದಿಸಿ, ಗಾಳಿಗೆ ಹಾರದಂತೆ ಕಟ್ಟಬೇಕು. ತೆಳುವಾದ ಸೀರೆ ಪಂಚೆಗಳು ಇದಕ್ಕೆ ಸಾಲವು. ಉಂಗುರ, ಕೈಕಡಗ, ಕೊರಳ ಸರ, ಲೋಹದ ಪಟ್ಟಿಯ ಗಡಿಯಾರ ಇವನ್ನೆಲ್ಲ ಕೆಳಗೆ ಬಿಟ್ಟು ಹತ್ತಬೇಕು. ಆ ಒತ್ತಡಕ್ಕೆ ತಕ್ಕ ರಬ್ಬರಿನ ಕೈಚೀಲಗಳನ್ನೂ ಹಿಡಿಕೆಗೆ ಹೊದಿಕೆಯಿರುವ ಉಪಕರಣಗಳನ್ನೂ ಬಳಸಬೇಕು.

ವಿದ್ಯುತ್ತಿನ ವಿಷಯವನ್ನು ಇಷ್ಟು ಹೇಳಿದೆವು. ಆದರೆ ಮಾಳಿಗೆ ಹತ್ತಿದವನಿಗೆ ಮೊದಲು ಎದುರಾಗುವುದು ಇದಕ್ಕಿಂತ ಹಳೆಯ ಶತ್ರು: ಎತ್ತರ. 3 ಮೀಟರ್ ಎತ್ತರದಿಂದ ಬಿದ್ದವನು ನೆಲವನ್ನು ತಲುಪುವುದು ಮುಕ್ಕಾಲು ಸೆಕೆಂಡಿನಲ್ಲಿ. ಆಗ ಅವನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಎರಡಂತಸ್ತಿನ ಮನೆಯ 6 ಮೀಟರಿನಿಂದಾದರೆ ಗಂಟೆಗೆ 39 ಕಿಲೋಮೀಟರ್. ಮುಕ್ಕಾಲು ಸೆಕೆಂಡಿನಲ್ಲಿ ಯಾರೂ ಯಾವುದನ್ನೂ ಹಿಡಿದುಕೊಳ್ಳಲಾರರು. ‘ನಾನು ಚಿಕ್ಕಂದಿನಿಂದ ಮಾಳಿಗೆ ಹತ್ತಿದವನು’ ಎಂಬ ಮಾತಿಗೆ ಈ ಲೆಕ್ಕದ ಮುಂದೆ ಬೆಲೆಯಿಲ್ಲ.

ನಮ್ಮ ಸೀಮೆಯ ಮಾಳಿಗೆಗಳ ವಿಶೇಷವನ್ನು ಇಲ್ಲಿ ಹೇಳಲೇಬೇಕು. ಹಳೆಯ ಮನೆಗಳದು ಮರದ ತೊಲೆ ಜಂತೆಗಳ ಮೇಲೆ ಹಾಸುಗಲ್ಲನ್ನೋ ಹಲಗೆಯನ್ನೋ ಹೊದಿಸಿ ಮಣ್ಣು ಮೆತ್ತಿದ ಮಾಳಿಗೆ. ಬೇಸಗೆಯಲ್ಲಿ ಅದರಷ್ಟು ತಂಪಾದುದು ಬೇರೊಂದಿಲ್ಲ. ಆದರೆ ಅದು ಈ ಭಾರಕ್ಕಾಗಿ ಕಟ್ಟಿದುದಲ್ಲ. ಒಂದು ಫಲಕದ ತೂಕ ಸುಮಾರು 28 ಕಿಲೋಗ್ರಾಂ; ಆರಕ್ಕೆ 168. ಅದರ ಮೇಲೆ ಕಬ್ಬಿಣದ ಚೌಕಟ್ಟು, ಚೌಕಟ್ಟನ್ನು ಹಿಡಿದಿಡುವ ಕಾಂಕ್ರೀಟಿನ ದಿಮ್ಮಿಗಳು, ನಾಲ್ಕು ಜನ ಕೆಲಸಗಾರರು. ಗೆದ್ದಲು ಹತ್ತಿದ ಜಂತೆಯು ಮೇಲಿನಿಂದ ಕಾಣುವುದಿಲ್ಲ. ಇಂತಹ ಮಾಳಿಗೆಯ ಮೇಲೆ ಫಲಕಗಳನ್ನು ಇಡಿಸುವುದೇ ಬೇಡವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಂಗಳದಲ್ಲಿಯೋ ಹಿತ್ತಿಲಿನಲ್ಲಿಯೋ ಕಂಬಗಳನ್ನು ನೆಟ್ಟು ಚಪ್ಪರದಂತೆ ಕೂಡಿಸಿದರೆ ವಿದ್ಯುತ್ತೂ ದೊರೆಯುವುದು, ನೆರಳೂ ದೊರೆಯುವುದು. ಕಾಂಕ್ರೀಟಿನ ಮನೆಯಾದರೂ ಒಮ್ಮೆ ತಿಳಿದವರಿಗೆ ತೋರಿಸುವುದು ಒಳ್ಳೆಯದು. ಇನ್ನು ಬೆಳಕಿಂಡಿಗಳು: ಒಳಗೆ ಬೆಳಕು ಬರಲೆಂದು ಬಿಟ್ಟ ಈ ರಂಧ್ರಗಳನ್ನು ಗಾಜಿನಿಂದಲೋ ತಗಡಿನಿಂದಲೋ ಮುಚ್ಚಿ, ಮೇಲೆ ಧೂಳು ಕುಳಿತು, ಮಾಳಿಗೆಗೂ ಅದಕ್ಕೂ ಭೇದ ತಿಳಿಯದಂತಾಗಿರುತ್ತದೆ. ಕೆಲಸಕ್ಕೆ ಮೊದಲು ಮನೆಯವರೇ ಅವನ್ನು ತೋರಿಸಿ, ಹಲಗೆ ಹೊದಿಸಿ, ಸುತ್ತಲೂ ಸುಣ್ಣದ ಗೆರೆ ಎಳೆಯಬೇಕು. ಸಿಮೆಂಟಿನ ಶೀಟುಗಳ ಮೇಲೆ ಕಾಲಿಡಲೇಬಾರದು. ಅವು ಬಾಗುವುದಿಲ್ಲ, ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಮುರಿಯುತ್ತವೆ.

ಏಣಿಯ ವಿಷಯದಲ್ಲಿ ಒಂದು ಸುಲಭವಾದ ಪ್ರಮಾಣವಿದೆ. ನಾಲ್ಕು ಮೊಳ ಎತ್ತರಕ್ಕೆ ಒಂದು ಮೊಳ ದೂರದಂತೆ ಅದರ ಬುಡವನ್ನು ಗೋಡೆಯಿಂದ ಸರಿಸಿಡಬೇಕು, ತುದಿಯು ಮಾಳಿಗೆಯ ಅಂಚಿಗಿಂತ ಒಂದು ಮೀಟರ್ ಮೇಲಕ್ಕೆ ಚಾಚಿರಬೇಕು, ಮೇಲ್ತುದಿಯನ್ನು ಕಟ್ಟಬೇಕು. ಫಲಕವನ್ನು ಬೆನ್ನಿಗೋ ತಲೆಗೋ ಹೊತ್ತು ಏಣಿ ಹತ್ತುವ ರೂಢಿಯನ್ನು ಹಲವೆಡೆ ಕಾಣುತ್ತೇವೆ. ಒಂದು ಕೈ ಫಲಕಕ್ಕೆ, ಒಂದು ಕೈ ಏಣಿಗೆ. ಜಾರಿದರೆ ಮೂರನೆಯ ಕೈಯಿಲ್ಲ. ಹಗ್ಗ ಮತ್ತು ರಾಟೆಯಿಂದ ಮೇಲಕ್ಕೆ ಸೇದಿಕೊಳ್ಳಬೇಕು. ಸೇದುವಾಗ ಕೆಳಗೆ ಯಾರೂ ನಿಲ್ಲಬಾರದು. ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಫಲಕದ ವಿಸ್ತೀರ್ಣ ಸುಮಾರು ಎರಡೂವರೆ ಚದರ ಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಯು ಅದಕ್ಕೆ ಎದುರಾಗಿ ಬೀಸಿದರೆ ಸುಮಾರು 20 ಕಿಲೋಗ್ರಾಂ ಭಾರದಷ್ಟು ನೂಕುಬಲ ಉಂಟಾಗುತ್ತದೆ. ಅಂಚಿನಲ್ಲಿ ಅದನ್ನು ಹಿಡಿದು ನಿಂತವನಿಗೆ ಅಷ್ಟು ಸಾಕು. ಚೈತ್ರ ವೈಶಾಖಗಳ ಮಧ್ಯಾಹ್ನಗಳಲ್ಲಿ ಧೂಳೆಬ್ಬಿಸಿಕೊಂಡು ಬರುವ ಬಿರುಗಾಳಿಗಳು ನಮಗೆ ಹೊಸತಲ್ಲ. ಆಕಾಶ ಕೆಂಪೇರಿದೊಡನೆ ಕೆಲಸ ನಿಲ್ಲಿಸಿ ಇಳಿಯಬೇಕು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನ ಒಳಗೇ ಇದೆ ಎಂದರ್ಥ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯದೆ ಮೇಲೆ ಹೋಗಬಾರದು.

ದೇಹಕ್ಕೆಲ್ಲ ಕಟ್ಟಿಕೊಳ್ಳುವ ರಕ್ಷಣಾಪಟ್ಟಿ ಮತ್ತು ತಲೆಗೆ ಹೆಲ್ಮೆಟ್ ಇವೆರಡೂ ಇಲ್ಲದೆ ಯಾರನ್ನೂ ಹತ್ತಿಸಬಾರದು. ಪಟ್ಟಿಯನ್ನು ಯಾವುದಕ್ಕೆ ಕಟ್ಟುತ್ತಾರೆಂಬುದೂ ಮುಖ್ಯ. ನೀರಿನ ತೊಟ್ಟಿಯ ಪ್ಲಾಸ್ಟಿಕ್ ಕೊಳವೆಗೆ ಕಟ್ಟಿದ ಹಗ್ಗವು ಮನಸ್ಸಿಗೆ ಧೈರ್ಯ ಕೊಡುವುದೇ ಹೊರತು ಮನುಷ್ಯನನ್ನು ಹಿಡಿಯದು. ಗಟ್ಟಿಯಾದ ಕಾಂಕ್ರೀಟ್ ಕಂಬಕ್ಕೆ, ಅಂಚನ್ನು ದಾಟಲಾಗದಷ್ಟು ಗಿಡ್ಡವಾಗಿ ಕಟ್ಟಬೇಕು.

ಮನೆಯ ಬಳಿ ಹಾದುಹೋಗುವ ವಿದ್ಯುತ್ ತಂತಿಗಳನ್ನು ಮರೆಯುವಂತಿಲ್ಲ. 11,000 ವೋಲ್ಟಿನ ತಂತಿಯು ಕಟ್ಟಡದ ಮೇಲಿನಿಂದ 3.7 ಮೀಟರ್, ಪಕ್ಕದಿಂದ 1.2 ಮೀಟರ್ ದೂರವಿರಬೇಕೆಂಬುದು ನಿಯಮ. ಫಲಕದ ಚೌಕಟ್ಟನ್ನು ಎತ್ತರಿಸಿದಷ್ಟೂ ಈ ಅಂತರ ಕಡಿಮೆಯಾಗುವುದು. ಉದ್ದನೆಯ ಅಲ್ಯುಮಿನಿಯಂ ಪಟ್ಟಿಗಳನ್ನು ನೆಟ್ಟಗೆ ಎತ್ತಿ ಹಿಡಿದು ನಡೆಯುವುದು ಅತ್ಯಂತ ಅಪಾಯಕರ. ಮಲಗಿಸಿ, ಇಬ್ಬರು ಹಿಡಿದು ಒಯ್ಯಬೇಕು. ತಂತಿಯ ಸಮೀಪದಲ್ಲಿ ಲೋಹದ ಏಣಿಯನ್ನು ಬಳಸಬಾರದು.

ಬೇಸಗೆಯಲ್ಲಿ ಈ ಕೆಲಸವನ್ನು ಮುಂಜಾನೆ ಆರಂಭಿಸಿ ಹನ್ನೊಂದರೊಳಗೆ ಮುಗಿಸುವುದು ಲೇಸು. ಬಿಸಿಲಿನ ಝಳಕ್ಕೆ ತಲೆ ತಿರುಗುವುದು ನೆಲದ ಮೇಲೆ ಸಣ್ಣ ಕಾಯಿಲೆ, ಮಾಳಿಗೆಯ ಅಂಚಿನಲ್ಲಿ ಪ್ರಾಣಾಂತಿಕ. ಮನೆಯವರು ಉಪ್ಪು ಬೆರೆಸಿದ ಮಜ್ಜಿಗೆಯನ್ನು ಮೇಲಿಂದ ಮೇಲೆ ಕೊಡುತ್ತಿದ್ದರೆ ಅದೂ ರಕ್ಷಣೆಯ ಒಂದು ಭಾಗವೇ.

ತಂದೆತಾಯಿಗಳು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ‘ಸೂರ್ಯ ನೆತ್ತಿಯ ಮೇಲಿದ್ದಾನೆ, ಊರಿನ ಕರೆಂಟು ಹೋದರೆ ನಮ್ಮ ಮನೆಯ ಸೌರ ಕರೆಂಟೂ ಏಕೆ ಹೋಗುತ್ತದೆ?’ ಬ್ಯಾಟರಿಯಿಲ್ಲದ, ಊರಿನ ತಂತಿಗೆ ಜೋಡಿಸಿದ ಇನ್ವರ್ಟರು ಹಾಗೆ ತಾನಾಗಿಯೇ ನಿಲ್ಲುವಂತೆ ಮಾಡಿದ್ದಾರೆ; ಅದು ದೋಷವಲ್ಲ. ಕರೆಂಟು ಹೋದಾಗ ಲೈನ್‌ಮನ್ ಕಂಬ ಹತ್ತುತ್ತಾನೆ. ಆಗ ನಮ್ಮ ಮಾಳಿಗೆಯ ವಿದ್ಯುತ್ತು ಹಿಮ್ಮುಖವಾಗಿ ತಂತಿಗೆ ಹರಿದರೆ ಅವನ ಗತಿಯೇನು? ಈ ಏರ್ಪಾಡನ್ನು ತಪ್ಪಿಸಿ ಮನೆಗೆ ಬೆಳಕು ಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕು.

ಅಗ್ಗವಾಗಿ ಮಾಡಿಕೊಡುವವರು ಮೊದಲು ಕೈಬಿಡುವುದು ಕಣ್ಣಿಗೆ ಕಾಣದ ಭಾಗಗಳನ್ನು. ಸಿಡಿಲುತಡೆಗೆ, ಫಲಕಗಳಿಗೆ, ಇನ್ವರ್ಟರಿಗೆ ಬೇರೆ ಬೇರೆ ಭೂಸಂಪರ್ಕದ ಗುಂಡಿಗಳು ಬೇಕು. ಮೂರರ ಬದಲು ಒಂದನ್ನು ತೋಡಿದರೂ ದೀಪ ಉರಿಯುತ್ತದೆ, ಮೊದಲ ಮುಂಗಾರಿನ ಸಿಡಿಲಿನವರೆಗೆ. ಆದುದರಿಂದ ಯೋಜನೆಯಲ್ಲಿ ನೋಂದಾಯಿಸಿಕೊಂಡವರಿಂದಲೇ ಕೆಲಸ ಮಾಡಿಸಿ, ಗುಂಡಿಗಳನ್ನು ಮುಚ್ಚುವ ಮೊದಲು ನೋಡಿ, ಕೆಲಸಗಾರರಿಗೆ ವಿಮೆಯುಂಟೇ ಎಂದು ಕೇಳಿ, ಅನಂತರ ಹಣ ಕೊಡಬೇಕು. ಬೇಸಗೆಯ ರಜೆಯಲ್ಲಿ ನಾಲ್ಕು ಕಾಸು ಬರಲೆಂದು 18 ವರ್ಷ ತುಂಬದ ಹುಡುಗರನ್ನು ಈ ಕೆಲಸಕ್ಕೆ ಸಹಾಯಕರಾಗಿ ಕಳುಹಿಸುವುದನ್ನು ನಾವು ಯಾವ ಕಾರಣಕ್ಕೂ ಒಪ್ಪಲಾರೆವು.

ಆಘಾತ ತಗುಲಿದವನನ್ನು ಕಂಡರೆ ಓಡಿಹೋಗಿ ಹಿಡಿಯಬಾರದು. ಸ್ವಿಚ್ಚುಗಳನ್ನು ಆರಿಸಿ, ಒಣಗಿದ ಬಿದಿರು ಅಥವಾ ಮರದ ಕೋಲಿನಿಂದ ಅವನನ್ನು ತಂತಿಯಿಂದ ಬೇರ್ಪಡಿಸಿ, 108ಕ್ಕೆ ಕರೆ ಮಾಡಬೇಕು. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಬೆಂಕಿ ಹತ್ತಿದರೆ ನೀರು ಸುರಿಯದೆ ದೂರ ಸರಿದು 101ಕ್ಕೆ ತಿಳಿಸಿ, ಮಾಳಿಗೆಯ ಮೇಲೆ ಸೌರಫಲಕಗಳಿವೆ ಎಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು.

ಜೋಡಣೆಯಾದ ಮೇಲೆ ಮಕ್ಕಳಿಗೆ ಉಳಿಯುವ ಎಚ್ಚರಗಳು ಕೆಲವೇ. ಸಂಕ್ರಾಂತಿಯ ಗಾಳಿಪಟವು ಫಲಕಗಳ ನಡುವೆ ಸಿಕ್ಕಿಕೊಂಡರೆ ಅದನ್ನು ಬಿಟ್ಟುಬಿಡಬೇಕು. ಚೌಕಟ್ಟಿಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಬಾರದು. ಧೂಳು ತೊಳೆಯುವುದನ್ನು ದೊಡ್ಡವರು ಮುಂಜಾನೆ, ಫಲಕ ಕಾಯುವ ಮೊದಲು, ಉದ್ದ ಹಿಡಿಕೆಯ ಮೆತ್ತನೆಯ ಕುಂಚದಿಂದ ಮಾಡಬೇಕು. ಗಾಜು ಒಡೆದ ಫಲಕಕ್ಕೆ ನೀರು ಸೋಕಿಸಬಾರದು.

ಒಂದು ಕೆಲಸವನ್ನು ಮಾತ್ರ ವಿದ್ಯಾರ್ಥಿಗಳಿಗೆಂದೇ ಉಳಿಸಿದ್ದೇವೆ. ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಇರುವ ಎಚ್ಚರಿಕೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಓದಲು ಬರುವುದು ಕನ್ನಡ ಅಥವಾ ತೆಲುಗು. ಬಿಳಿಯ ರಟ್ಟಿನ ಮೇಲೆ, ಬೆರಳುದ್ದದ ಅಕ್ಷರಗಳಲ್ಲಿ, ಎರಡೂ ಭಾಷೆಗಳಲ್ಲಿ ಹೀಗೆ ಬರೆಯಿರಿ: ‘ಇದನ್ನು ಆರಿಸಿದರೂ ಹಗಲಿನಲ್ಲಿ ಮೇಲಿನ ತಂತಿಗಳಲ್ಲಿ ಕರೆಂಟು ಇರುತ್ತದೆ. ಮುಟ್ಟಬೇಡಿ. ವಿದ್ಯುತ್ ದೂರುಗಳಿಗೆ 1912.’ ಅದನ್ನು ಪೆಟ್ಟಿಗೆಯ ಪಕ್ಕದಲ್ಲಿ, ದೊಡ್ಡವರ ಕಣ್ಣಿನ ಎತ್ತರಕ್ಕೆ ಅಂಟಿಸಿ, ಮಳೆಗೆ ಅಕ್ಷರ ಅಳಿಸದಂತೆ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿರಿ.